ಹನ್ನೊಂದು ಜನರ ಸ್ಕೀ ಪ್ರವಾಸಕ್ಕೆ ಯಾವ ಪಾಸ್?

ಪ್ರಶ್ನೆ: ನಾವು ಕಲಬುರಗಿಯಲ್ಲಿ ಒಟ್ಟಿಗೆ ಎಂಜಿನಿಯರಿಂಗ್ ಓದಿದ ಗೆಳೆಯರು. ಬರುವ ಜನವರಿ ಕೊನೆಯ ವಾರ ಹನ್ನೊಂದು ಜನ ಸೇರಿ ವಿದೇಶಕ್ಕೆ ಸ್ಕೀ ಪ್ರವಾಸ ಹೋಗಬೇಕೆಂದಿದ್ದೇವೆ. ಏಳು ಜನ ಕಲಬುರಗಿ, ಬೀದರ್‌ಗಳಲ್ಲೇ ಇದ್ದೇವೆ, ಮೂವರು ಹೈದರಾಬಾದಿನಲ್ಲಿ, ಒಬ್ಬ ಅಮೆರಿಕದ ಡೆನ್ವರ್‌ನಲ್ಲಿ. ಅವನು ಪ್ರತಿ ವರ್ಷ ಇಕಾನ್ ಎಂಬ ಸ್ಕೀ ಪಾಸ್, ಅಂದರೆ ಸ್ಕೀ ಬೆಟ್ಟಗಳ ಲಿಫ್ಟು ಹತ್ತಲು ಬೇಕಾದ ಟಿಕೆಟ್, ಇಡೀ ಚಳಿಗಾಲಕ್ಕೆ ತೆಗೆದುಕೊಳ್ಳುತ್ತಾನೆ. "ಎಲ್ಲರೂ ಇಕಾನ್ ಇಲ್ಲವೇ ಎಪಿಕ್ ಪಾಸ್ ಈ ವಾರವೇ ಕೊಂಡುಬಿಡಿ, ಆಮೇಲೆ ದರ ಏರುತ್ತದೆ. ಒಂದೇ ಪಾಸಿನಲ್ಲಿ ಹತ್ತಾರು ರೆಸಾರ್ಟ್" ಅನ್ನುತ್ತಿದ್ದಾನೆ. ನಮ್ಮಲ್ಲಿ ಇಬ್ಬರು ಗುಲ್ಮಾರ್ಗ್‌ನಲ್ಲಿ ಎರಡು ವಾರ ಸ್ಕೀ ಕಲಿತಿದ್ದಾರೆ. ಉಳಿದ ಎಂಟು ಜನ ಹಿಮವನ್ನು ಕೈಯಿಂದ ಮುಟ್ಟಿದವರೂ ಅಲ್ಲ. ಪಾಸ್ ಕೊಳ್ಳೋಣವೇ? ಕೊಂಡರೆ ಯಾವುದು?
— ಓದುಗರು, ಕಲಬುರಗಿ

ಉತ್ತರ: ಈ ವಾರ ಕೊಳ್ಳಬೇಡಿ. ಬಹುಶಃ ನಿಮ್ಮಲ್ಲಿ ಹತ್ತು ಜನ ಆ ಪಾಸುಗಳನ್ನು ಕೊಳ್ಳುವ ಅಗತ್ಯವೇ ಬರಲಿಕ್ಕಿಲ್ಲ. ನಿಮ್ಮ ಡೆನ್ವರ್ ಗೆಳೆಯ ಹೇಳುತ್ತಿರುವುದು ಸುಳ್ಳಲ್ಲ. ಅದು ಅವನ ಮಟ್ಟಿಗೆ ನಿಜ, ನಿಮ್ಮ ಮಟ್ಟಿಗೆ ಅಲ್ಲ. ಅವನ ಮನೆಯಿಂದ ಕಾರು ಹತ್ತಿದರೆ ಎರಡು ಗಂಟೆಯೊಳಗೆ ಹಲವು ರೆಸಾರ್ಟುಗಳಿವೆ, ಚಳಿಗಾಲ ಪೂರ್ತಿ ಶನಿವಾರ, ಭಾನುವಾರ ಹೋಗಿಬರಬಹುದು. ನೀವು ಹೋಗುವುದು ಆರು ದಿನ. ಗುಂಪಿನ ಪಾಸ್ ಲೆಕ್ಕ ಹಾಕುವಾಗ ನಾನು ಪಟ್ಟಿಯಲ್ಲಿ ಎಷ್ಟು ರೆಸಾರ್ಟ್ ಇವೆ ಎಂದು ನೋಡುವುದಿಲ್ಲ. ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಬಲ್ಲವರು ನಿಜವಾಗಿ ಎಷ್ಟು ದಿನ ಲಿಫ್ಟ್ ಹತ್ತುತ್ತಾರೆ ಎಂಬುದನ್ನು ಮೊದಲು ಎಣಿಸುತ್ತೇನೆ.

ಈ ಪಾಸುಗಳು ಹುಟ್ಟಿದ ಕಾರಣ ಗೊತ್ತಿದ್ದರೆ ಗೆಳೆಯನ ಅವಸರ ಅರ್ಥವಾಗುತ್ತದೆ. ವೇಲ್ ರೆಸಾರ್ಟ್ಸ್ ಕಂಪನಿ 2008ರಲ್ಲಿ ಎಪಿಕ್ ಪಾಸ್ ತಂದಿತು. ಆಲ್ಟೆರಾ ಕಂಪನಿಯ ಇಕಾನ್ ಪಾಸ್ ಬಂದದ್ದು 2018ರಲ್ಲಿ. ಎರಡರ ಹಿಂದಿನ ಲೆಕ್ಕ ಒಂದೇ. ಹಿಮ ಬೀಳುವ ಎಷ್ಟೋ ತಿಂಗಳು ಮೊದಲೇ, ಮಾರ್ಚ್ ಏಪ್ರಿಲ್‌ನಲ್ಲೇ, ಮುಂದಿನ ಚಳಿಗಾಲದ ದುಡ್ಡು ಕಂಪನಿಯ ಕೈಗೆ ಬಂದುಬಿಡಬೇಕು. ನಮ್ಮಲ್ಲಿ ತೊಗರಿ ಬಿತ್ತುವ ಮೊದಲೇ ದರ ಕುದುರಿಸಿ ಪೂರ್ತಿ ರೊಕ್ಕ ಎಣಿಸಿಕೊಂಡಂತೆ. ಮಳೆ ಕೈಕೊಟ್ಟರೆ ನಷ್ಟ ಕೊಟ್ಟವನದು. ಹಾಗೆ ಮುಂಗಡ ಕೊಟ್ಟವರಿಗೆ ದರ ಕಡಿಮೆ, ಬೆಟ್ಟದ ಬುಡಕ್ಕೆ ಹೋಗಿ ಕೌಂಟರಿನಲ್ಲಿ ಟಿಕೆಟ್ ಕೇಳುವವರಿಗೆ ಬರೆ. ಅದೇ ಕಂಪನಿಯ ವೇಲ್ ಎಂಬ ರೆಸಾರ್ಟಿನಲ್ಲಿ ಜನಜಂಗುಳಿಯ ದಿನಗಳಲ್ಲಿ ಕೌಂಟರ್ ಟಿಕೆಟ್ ಒಂದು ದಿನಕ್ಕೆ 300 ಡಾಲರ್ ದಾಟಿದೆ. ಇಡೀ ಸೀಸನ್ನಿನ ಪೂರ್ಣ ಪಾಸು ಸಾವಿರ ಡಾಲರಿನ ಮೇಲಿದೆ. ನಾಲ್ಕು ದಿನಕ್ಕೆ ಅಸಲು ಬಂದಂತಾಯಿತು, ಉಳಿದದ್ದೆಲ್ಲ ಉಚಿತ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಪಾಸನ್ನು ಅಗ್ಗವಾಗಿ ಕಾಣಿಸುತ್ತಿರುವುದು ಆ 300 ಡಾಲರಿನ ಟಿಕೆಟ್ಟೇ. ನಿಮ್ಮ ಎಂಟು ಜನಕ್ಕೆ ಆ ಟಿಕೆಟ್ಟೂ ಬೇಕಾಗಿಲ್ಲ.

ಯಾಕೆ ಬೇಕಾಗಿಲ್ಲ ಎನ್ನುವುದಕ್ಕೆ ಮೊದಲ ದಿನ ಹೇಗಿರುತ್ತದೆ ಎಂದು ಹೇಳುತ್ತೇನೆ. ಬೆಳಿಗ್ಗೆ ಬೂಟು, ಸ್ಕೀ ಬಾಡಿಗೆ ಪಡೆಯುವಷ್ಟರಲ್ಲಿ ಒಂದು ತಾಸು. ಆಮೇಲೆ ತರಬೇತುದಾರರು ಸಮತಟ್ಟಾದ ಹಿಮದ ಮೇಲೆ ಒಂದೇ ಕಾಲಿಗೆ ಸ್ಕೀ ಕಟ್ಟಿ ನಡೆಸುತ್ತಾರೆ. ನಂತರ ಇನ್ನೊಂದು ಕಾಲು. ಬಿದ್ದರೆ ಏಳುವುದು ಹೇಗೆ ಎಂಬುದಕ್ಕೇ ಅರ್ಧ ತಾಸು, ಯಾಕೆಂದರೆ ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಇಟ್ಟುಕೊಳ್ಳದೆ ಎದ್ದರೆ ನಿಂತ ಕೂಡಲೇ ಮತ್ತೆ ಜಾರುತ್ತೀರಿ. ಮಧ್ಯಾಹ್ನದ ಮೇಲೆ ಸ್ಕೀಗಳ ಮುಂತುದಿ ಹತ್ತಿರ, ಹಿಂತುದಿ ಅಗಲ ಮಾಡಿ ವೇಗ ತಡೆಯುವುದನ್ನು ಕಲಿಸುತ್ತಾರೆ. ಇದೆಲ್ಲ ನಡೆಯುವುದು ನೂರು, ನೂರೈವತ್ತು ಮೀಟರ್ ಉದ್ದದ ಇಳಿಜಾರಿನಲ್ಲಿ. ಮೇಲೆ ಹೋಗಲು ವಿಮಾನ ನಿಲ್ದಾಣದಲ್ಲಿ ಬ್ಯಾಗು ಸಾಗಿಸುವಂಥ ಚಲಿಸುವ ರಬ್ಬರ್ ಪಟ್ಟಿ ಇರುತ್ತದೆ. ಎರಡನೆಯ ದಿನವೂ ಹೆಚ್ಚುಕಡಿಮೆ ಅಲ್ಲೇ. ಮೂರನೆಯ ದಿನ ಕುರ್ಚಿ ಲಿಫ್ಟು, ನಾಲ್ಕನೆಯ ದಿನಕ್ಕೆ ನೀಲಿ ಗುರುತಿನ ಸುಲಭದ ಹಾದಿ. ಸಾವಿರ ಕಿಲೋಮೀಟರ್ ಹಾದಿಗೆ ಹಕ್ಕು ಕೊಡುವ ಪಾಸು ಕೊರಳಲ್ಲಿದ್ದರೂ ಮೊದಲ ಎರಡು ಮೂರು ದಿನ ಅದು ಕೊರಳಲ್ಲೇ ಇರುತ್ತದೆ.

ಇದನ್ನು ನಾನು ತಪ್ಪು ಮಾಡಿ ಕಲಿತೆ. ಯುರೋಪಿಗೆ ಕರೆದೊಯ್ದ ಮೊದಲ ಗುಂಪಿಗೆ, ಒಂಬತ್ತು ಜನಕ್ಕೂ, ಆರು ದಿನದ ದೊಡ್ಡ ಪಾಸನ್ನೇ ಕೊಡಿಸಿದ್ದೆ. ಎಲ್ಲರಿಗೂ ಒಂದೇ ಇರಲಿ, ಲೆಕ್ಕ ಸುಲಭ ಎಂಬ ಯೋಚನೆ. ಮೂರನೆಯ ದಿನ ಸೇಡಂ ಕಡೆಯ ಒಬ್ಬ ಶಿಕ್ಷಕಿ ಬೆಟ್ಟದ ಮೇಲಿನ ಹೋಟೆಲಿನಲ್ಲಿ ಒಬ್ಬರೇ ಕೂತಿದ್ದರು. ಪಾಸನ್ನು ಬೆರಳಲ್ಲಿ ಆಡಿಸುತ್ತ, "ಈ ಪಾಸಿನ ರೊಕ್ಕದಾಗ ನಮ್ಮಪ್ಪನ ನಾಕು ಎಕರೆ ತೊಗರಿ ಬಿತ್ತಿಗಿ ಆಗ್ತಿತ್ತು ಸರ್" ಅಂದರು. ಅವರ ದನಿಯಲ್ಲಿ ದೂರು ಇರಲಿಲ್ಲ, ಅದಕ್ಕೇ ಇನ್ನಷ್ಟು ನಾಟಿತು. ಅಂದಿನಿಂದ ಗುಂಪಿನಲ್ಲಿ ಎಲ್ಲರಿಗೂ ಒಂದೇ ಪಾಸು ಎಂಬ ಮಾತನ್ನು ನಾನು ಆಡಿಲ್ಲ.

ಅಮೆರಿಕ ಬೇಡ ಎನ್ನಲು ಇನ್ನೂ ಎರಡು ಕಾರಣಗಳಿವೆ. ಒಂದು ವೀಸಾ. ಹತ್ತು ಜನರಿಗೂ ಸಂದರ್ಶನದ ದಿನಾಂಕ ಒಟ್ಟಿಗೆ ಸಿಗುವುದು, ಹತ್ತೂ ಜನ ಪಾಸಾಗುವುದು ನಿಮ್ಮ ಕೈಯಲ್ಲಿಲ್ಲ. ಆದರೆ ಪಾಸುಗಳ ಮಾರಾಟ ಡಿಸೆಂಬರ್ ಹೊತ್ತಿಗೆ ಮುಗಿಯುತ್ತದೆ, ಹೀಗಾಗಿ ವೀಸಾ ಕೈಗೆ ಬರುವ ಮೊದಲೇ ದುಡ್ಡು ಕಟ್ಟುವ ಒತ್ತಡ ಬೀಳುತ್ತದೆ. ಪಾಸು ಹೆಸರು ಮತ್ತು ಫೋಟೋ ಸಮೇತ ಇರುತ್ತದೆ, ಒಬ್ಬರದನ್ನು ಇನ್ನೊಬ್ಬರು ಬಳಸುವಂತಿಲ್ಲ. ಎರಡನೆಯದು ಎತ್ತರ. ಕಲಬುರಗಿ ಇರುವುದು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲೆ. ಡೆನ್ವರ್ ಇರುವ ಕೊಲರಾಡೊ ರಾಜ್ಯದಲ್ಲಿ ಸ್ಕೀಗೆ ಹೆಸರಾದ ಬ್ರೆಕೆನ್‌ರಿಜ್ ಊರೇ 2,900 ಮೀಟರ್ ಎತ್ತರದಲ್ಲಿದೆ. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಕಾಡುತ್ತದೆ. ಅಲ್ಲಿ ಮಲಗಿ ಎದ್ದ ಮೊದಲ ಎರಡು ದಿನ ಗುಂಪಿನಲ್ಲಿ ಒಬ್ಬಿಬ್ಬರಿಗೆ ತಲೆನೋವು, ಊಟ ಸೇರದಿರುವುದು ಇದ್ದದ್ದೇ. ಹಾಗಿದ್ದೂ ಅಮೆರಿಕಕ್ಕೇ ಹೋಗುವ ಮನಸ್ಸಾದರೆ ಸೀಸನ್ ಪಾಸಿನ ಬದಲು ಎಪಿಕ್‌ನವರ ದಿನದ ಲೆಕ್ಕದ ಪಾಸು ನೋಡಿ. ಒಂದರಿಂದ ಏಳು ದಿನದವರೆಗೆ ಬೇಕಾದಷ್ಟೇ ಕೊಳ್ಳಬಹುದು. ವೀಸಾ ಸಿಗದಿದ್ದರೆ ಹಣ ವಾಪಸ್ ಬರುತ್ತದೆಯೇ ಎಂದು ಅವರಿಂದ ಬರಹದಲ್ಲಿ ಉತ್ತರ ತರಿಸಿಕೊಂಡೇ ದುಡ್ಡು ಕಟ್ಟಿ.

ನಾನು ನಿಮಗೆ ಹೇಳುವುದು ಇಟಲಿಯ ಡೊಲೊಮೈಟ್ಸ್ ಬೆಟ್ಟಸಾಲು. ಇದಕ್ಕೆ ಮುಖ್ಯ ಕಾರಣ ನಿಮ್ಮ ಡೆನ್ವರ್ ಗೆಳೆಯನ ಜೇಬಿನಲ್ಲೇ ಇದೆ. ಇಕಾನ್ ಪಾಸಿನ ಪಾಲುದಾರರಲ್ಲಿ ಅಲ್ಲಿನ ಸ್ಕೀ ಪ್ರದೇಶಗಳ ಕೂಟ ಡೊಲೊಮಿಟಿ ಸೂಪರ್‌ಸ್ಕಿ ಕೂಡ ಒಂದು. ಅವನು ಹೇಗೂ ತನಗಾಗಿ ಪಾಸು ಕೊಳ್ಳುವವನೇ. ಅದರಲ್ಲಿ ಅಲ್ಲಿಗಿರುವ ದಿನಗಳನ್ನು ನಿಮ್ಮೊಂದಿಗೆ ಬಂದು ಬಳಸಲಿ. ನೀವು ಹತ್ತು ಜನ ಅವನ ಪಾಸಿನ ಹಿಂದೆ ಅಮೆರಿಕಕ್ಕೆ ಹೋಗುವ ಬದಲು ಅವನ ಪಾಸು ನಿಮ್ಮ ಕಡೆ ಬರುತ್ತದೆ.

ಡೊಲೊಮಿಟಿ ಸೂಪರ್‌ಸ್ಕಿ ಕೂಡ ಹಲವು ರೆಸಾರ್ಟುಗಳ ಪಾಸೇ, ಅಮೆರಿಕದ ಆ ಎರಡಕ್ಕಿಂತ ಬಹಳ ಹಳೆಯದು. 1974ರಲ್ಲಿ ಶುರುವಾಯಿತು. ಹನ್ನೆರಡು ಸ್ಕೀ ಪ್ರದೇಶ, 1,200 ಕಿಲೋಮೀಟರ್ ಹಾದಿ, ಒಂದೇ ಕಾರ್ಡು. ದೊಡ್ಡ ಅನುಕೂಲ ಏನೆಂದರೆ ವರ್ಷದ ಮೊದಲೇ ಕೊಳ್ಳಬೇಕೆಂಬ ಕಟ್ಟುಪಾಡಿಲ್ಲ. ಜನ ಹೆಚ್ಚಿರುವ ವಾರಗಳಲ್ಲಿ ದಿನಕ್ಕೆ 80 ಯೂರೋ ದಾಟುತ್ತದೆ ನಿಜ, ಆದರೆ ವೇಲ್‌ನ ಕೌಂಟರಿನ ಮುಂದೆ ಅದು ಏನೇನೂ ಅಲ್ಲ. ಆನ್‌ಲೈನಿನಲ್ಲಿ ಮುಂಚಿತವಾಗಿ ಕೊಂಡರೆ ಇನ್ನಷ್ಟು ಇಳಿಯುತ್ತದೆ. ಇದಕ್ಕಿಂತ ಕಡಿಮೆ ದರಕ್ಕೆ ಒಂದೊಂದು ಕಣಿವೆಗೆ ಮಾತ್ರ ಸೀಮಿತವಾದ ಪಾಸೂ ಇದೆ.

ನೀವು ಇಳಿದುಕೊಳ್ಳಬೇಕಾದ ಕಣಿವೆ ವಾಲ್ ಗಾರ್ಡೆನಾ, ಅದರಲ್ಲೂ ಓರ್ಟಿಸೇಯಿ ಊರು. ಊರಿನ ಎತ್ತರ 1,236 ಮೀಟರ್, ರಾತ್ರಿ ನಿದ್ದೆಗೆ ತೊಂದರೆಯಿಲ್ಲ. ಊರೊಳಗಿನಿಂದಲೇ ಗೊಂಡೋಲಾ (ತಂತಿಯ ಮೇಲೆ ತೂಗಿ ಸಾಗುವ ಮುಚ್ಚಿದ ಡಬ್ಬಿ) ಹತ್ತಿದರೆ ಆಲ್ಪೆ ದಿ ಸಿಯೂಸಿ. ಯುರೋಪಿನಲ್ಲೇ ಅತಿ ದೊಡ್ಡದೆಂದು ಹೆಸರಾದ ಎತ್ತರದ ಹುಲ್ಲುಗಾವಲು ಅದು, ಚಳಿಗಾಲದಲ್ಲಿ ಹಿಮ ಹೊದ್ದು ಮಲಗಿರುತ್ತದೆ. ಇಳಿಜಾರು ಸೌಮ್ಯ, ಬಿಸಿಲು ಧಾರಾಳ. ಸ್ಕೀ ಬೇಡವೆನಿಸಿದ ದಿನ ಸುಮ್ಮನೆ ನಡೆಯಲೂ ದಾರಿಗಳಿವೆ. ಆ ಊರಿನಲ್ಲಿ ನನಗೆ ತುಂಬ ಇಷ್ಟವಾದದ್ದು ಭಾಷೆ. ಬೋರ್ಡುಗಳು ಜರ್ಮನ್, ಇಟಾಲಿಯನ್ ಜೊತೆಗೆ ಲಾಡಿನ್‌ನಲ್ಲೂ ಇರುತ್ತವೆ. ಲಾಡಿನ್ ಎಂದರೆ ಆ ನಾಲ್ಕಾರು ಕಣಿವೆಗಳ ಜನ ಮಾತ್ರ ಆಡುವ ಪುಟ್ಟ ನುಡಿ. ಅಂಗಡಿಯವರು ಒಂದು ಮಾತಿನಿಂದ ಇನ್ನೊಂದಕ್ಕೆ ಹೊರಳುವುದನ್ನು ಕೇಳುವಾಗ ಕನ್ನಡ, ಉರ್ದು, ಮರಾಠಿ, ತೆಲುಗು ಕಲೆತ ನಮ್ಮ ಬೀದರಿನ ಬಜಾರು ಕಣ್ಮುಂದೆ ಬರುತ್ತದೆ.

ಪಾಸು ಹೀಗೆ ಹಂಚಿಕೊಳ್ಳಿ. ಹೊಸಬರು ಎಂಟು ಜನ ಮೊದಲ ಎರಡು ಮೂರು ದಿನ ಸ್ಕೀ ಶಾಲೆ ಹೇಳಿದಷ್ಟೇ ಟಿಕೆಟ್ ತೆಗೆದುಕೊಳ್ಳಲಿ. ಕಲಿಕೆಯ ಜಾಗದ ಪುಟ್ಟ ಲಿಫ್ಟುಗಳಿಗೆ ಬೇರೆ ದರ ಇರುತ್ತದೆ. ನಂತರದ ಮೂರು ದಿನಕ್ಕೆ ಗಾರ್ಡೆನಾ ಮತ್ತು ಆಲ್ಪೆ ದಿ ಸಿಯೂಸಿಗೆ ಸೇರಿರುವ ಕಣಿವೆ ಪಾಸು ಸಾಕು, ಅಷ್ಟನ್ನು ಮುಗಿಸುವುದೇ ಕಷ್ಟ. ಗುಲ್ಮಾರ್ಗ್‌ನಲ್ಲಿ ಕಲಿತ ಇಬ್ಬರು ಮಾತ್ರ ಆರು ದಿನದ ಸೂಪರ್‌ಸ್ಕಿ ಕೊಳ್ಳಲಿ, ಡೆನ್ವರ್ ಗೆಳೆಯನ ಜೊತೆ ತಿರುಗಲಿ.

ಆ ಮೂವರಿಗೆ ಸೆಲ್ಲಾರೊಂಡಾ ಬಿಡಬೇಡಿ ಎನ್ನುತ್ತೇನೆ. ಸೆಲ್ಲಾ ಎಂಬ ದೊಡ್ಡ ಬಂಡೆಬೆಟ್ಟದ ಸುತ್ತ ಲಿಫ್ಟು, ಇಳಿಜಾರು ಸೇರಿ ಸುಮಾರು 40 ಕಿಲೋಮೀಟರಿನ ಪ್ರದಕ್ಷಿಣೆ ಅದು. ಗಾರ್ಡೆನಾ, ಸೆಲ್ಲಾ, ಪೊರ್ಡೊಯ್, ಕಂಪೊಲೊಂಗೊ ಎಂಬ ನಾಲ್ಕು ಘಟ್ಟ ದಾಟಿ ಹೊರಟಲ್ಲಿಗೇ ಬರುತ್ತೀರಿ. ಕಿತ್ತಳೆ ಬಾಣ ಹಿಡಿದರೆ ಬಲಸುತ್ತು, ಹಸಿರು ಹಿಡಿದರೆ ಎಡಸುತ್ತು. ಬೆಳಿಗ್ಗೆ ಹತ್ತರೊಳಗೆ ಹೊರಡಲೇಬೇಕು, ಮಧ್ಯಾಹ್ನ ಮೂರೂವರೆಗೆ ಕೊನೆಯ ಘಟ್ಟ ದಾಟಿರಬೇಕು. ಲಿಫ್ಟು ನಿಂತ ಮೇಲೆ ಬೇರೆ ಕಣಿವೆಯಲ್ಲಿ ಸಿಕ್ಕಿಬಿದ್ದರೆ ಬೆಟ್ಟ ಸುತ್ತಿ ಬರುವ ಟ್ಯಾಕ್ಸಿಯ ಬಾಡಿಗೆ ಕಣ್ಣೀರು ತರಿಸುತ್ತದೆ. ಇದಕ್ಕೆ ಕೆಂಪು ಗುರುತಿನ ಮಧ್ಯಮ ಹಾದಿಯಲ್ಲಿ ನಿರ್ಭಯವಾಗಿ ಇಳಿಯಲು ಬರಬೇಕು. ಹೊಸಬರು ಐದನೆಯ ದಿನ ಎಷ್ಟೇ ಹುರುಪಿನಲ್ಲಿದ್ದರೂ ಜೊತೆಗೆ ಕರೆದೊಯ್ಯಬೇಡಿ, ಗೆಳೆತನದ ಒತ್ತಾಯಕ್ಕೆ ಮೊಣಕಾಲು ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ನೀವು ಆರಿಸಿದ ಜನವರಿ ಕೊನೆಯ ವಾರ ಒಳ್ಳೆಯದು. ಕ್ರಿಸ್ಮಸ್, ಹೊಸವರ್ಷದ ನೂಕುನುಗ್ಗಲು ಮುಗಿದಿರುತ್ತದೆ, ಯುರೋಪಿನ ಶಾಲೆಗಳ ಚಳಿಗಾಲದ ರಜೆ ಸಾಮಾನ್ಯವಾಗಿ ಫೆಬ್ರುವರಿಯಲ್ಲಿ ಬರುತ್ತದೆ. ನಮ್ಮ ಕಡೆಯೂ ಸಂಕ್ರಾಂತಿ ಆಗಿ, ಹೊಲ ಇರುವವರ ಮನೆಯಲ್ಲಿ ತೊಗರಿ ರಾಶಿ ಮುಗಿಯುವ ಹೊತ್ತು.

ವೀಸಾ ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ನೀವು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಹಾಕಿ. ದೊಡ್ಡವರ ಶುಲ್ಕ 90 ಯೂರೋ. ವಿಮಾನ ಜರ್ಮನಿಯ ಮ್ಯೂನಿಕ್‌ನಲ್ಲಿ ಇಳಿದು ಬ್ರೆನ್ನರ್ ಘಟ್ಟದ ದಾರಿಯಲ್ಲಿ ಬಸ್ಸು ಹಿಡಿದರೂ ಹೆಚ್ಚು ದಿನ ತಂಗುವುದು ಇಟಲಿಯಲ್ಲಾದ್ದರಿಂದ ಅರ್ಜಿ ಇಟಲಿಗೇ ಹೋಗಬೇಕು. ಕಲಬುರಗಿಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಬೀದರಿನವರಿಗಂತೂ ಇನ್ನೂ ಹತ್ತಿರ. ಆದರೆ ಬೆರಳಚ್ಚು ಕೊಡಲು ರೈಲು ಹತ್ತುವ ಮೊದಲು ನಿಮ್ಮ ವಿಳಾಸದವರು ಯಾವ ಕೇಂದ್ರಕ್ಕೆ ಹೋಗಬೇಕೆಂದು ದೂತಾವಾಸದ ಪುಟದಲ್ಲಿ ನೋಡಿಕೊಳ್ಳಿ. ಹನ್ನೊಂದೂ ಜನರ ವೀಸಾ ಬರುವವರೆಗೆ ಉಚಿತವಾಗಿ ರದ್ದು ಮಾಡಬಹುದಾದ ಕೋಣೆಗಳನ್ನೇ ಕಾಯ್ದಿರಿಸಿ. ಕೋಣೆ ಗೊಂಡೋಲಾದ ಹತ್ತಿರ ಇರಲಿ. ಸ್ಕೀ ಬೂಟು ತೊಟ್ಟು, ಸ್ಕೀ ಹೆಗಲಿಗೇರಿಸಿ ಅರ್ಧ ಕಿಲೋಮೀಟರ್ ನಡೆದರೆ ಪಾಠ ಶುರುವಾಗುವ ಮೊದಲೇ ಹೊಸಬರ ಶಕ್ತಿ ಮುಗಿದಿರುತ್ತದೆ. ಅದಕ್ಕಾಗಿ ದಿನಕ್ಕೆ ಹತ್ತು ಯೂರೋ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ವಿಮೆಯಲ್ಲಿ ಎಚ್ಚರ ಬೇಕು. ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ, ಅದನ್ನು ಎಲ್ಲರೂ ಮಾಡಿಸುತ್ತಾರೆ. ಆದರೆ ಅಗ್ಗದ ಪಾಲಿಸಿಗಳಲ್ಲಿ ಎಷ್ಟೋ ಸಲ ಸ್ಕೀ ಸೇರಿರುವುದಿಲ್ಲ, ಚಳಿಗಾಲದ ಕ್ರೀಡೆಗೆ ಪ್ರತ್ಯೇಕ ದುಡ್ಡು ಕಟ್ಟಬೇಕು. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚು ಅದರಲ್ಲಿದೆಯೇ ಎಂದು ಸಾಲು ಸಾಲು ಓದಿ. ಇದಲ್ಲದೆ ಇಟಲಿಯಲ್ಲಿ 2022ರ ಜನವರಿಯಿಂದ ಇನ್ನೊಂದು ಕಾನೂನಿದೆ. ನೀವು ಡಿಕ್ಕಿ ಹೊಡೆದು ಬೇರೆಯವರಿಗೆ ಪೆಟ್ಟಾದರೆ ಪರಿಹಾರ ಕೊಡುವ ಹೊಣೆಗಾರಿಕೆ ವಿಮೆ ಪ್ರತಿ ಸ್ಕೀಯರನಿಗೂ ಇರಲೇಬೇಕು. ಪಾಸಿನ ಜೊತೆಗೇ ದಿನದ ಲೆಕ್ಕದಲ್ಲಿ ಸಿಗುತ್ತದೆ, ಬೇಡವೆನ್ನಬೇಡಿ. ಹೆಲ್ಮೆಟ್ ಮೊದಲು ಮಕ್ಕಳಿಗೆ ಮಾತ್ರ ಕಡ್ಡಾಯವಿತ್ತು, 2025ರ ನವೆಂಬರಿನಿಂದ ಎಲ್ಲ ವಯಸ್ಸಿನವರಿಗೂ ಕಡ್ಡಾಯ.

ದುಡ್ಡಿನ ವಿಚಾರದಲ್ಲಿ ಒಂದೇ ಮಾತು. ಒಬ್ಬರ ಕಾರ್ಡಿನಿಂದ ಎಲ್ಲರದ್ದೂ ಕಟ್ಟಿ ಆಮೇಲೆ ವಸೂಲಿ ಮಾಡುವ ಪದ್ಧತಿ ಬೇಡ. ಪಾಸು, ಟಿಕೆಟ್, ವಿಮೆ ಎಲ್ಲವನ್ನೂ ಅವರವರ ಹೆಸರಿನಲ್ಲಿ, ಅವರವರ ಪ್ಯಾನ್ ಮೇಲೆ ಕೊಳ್ಳಿ. ಪ್ಯಾಕೇಜ್ ಮಾಡುವವರ ಮೂಲಕ ಹೋದರೆ ಅವರು ಟಿಸಿಎಸ್ (ಮಾರುವವರೇ ಮುಂಗಡವಾಗಿ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಮುರಿದುಕೊಳ್ಳುತ್ತಾರೆ. ಅದು ಯಾರ ಪ್ಯಾನ್ ಮೇಲೆ ಜಮೆಯಾಗಿದೆಯೋ ಅವರಷ್ಟೇ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಲು ಬರುತ್ತದೆ. ಹಿಂದೆ ಸರಿಯುವವರಿಗೆ ಕೊನೆಯ ದಿನಾಂಕ ಯಾವುದು, ಆಮೇಲೆ ಅವರ ಪಾಲಿನ ಕೋಣೆ ಬಾಡಿಗೆ ಯಾರು ತುಂಬಬೇಕು ಎಂಬುದನ್ನು ಈಗಲೇ ವಾಟ್ಸಾಪ್ ಗುಂಪಿನಲ್ಲಿ ಬರೆದು ಎಲ್ಲರಿಂದ ಒಪ್ಪಿಗೆ ಪಡೆಯಿರಿ.

ಬೂಟು ನೀವು ಕೇಳಿಲ್ಲ, ಆದರೆ ಪ್ರವಾಸ ಕೆಡಿಸುವುದು ಅದೇ. ನಮ್ಮ ಎಂಟು, ಒಂಬತ್ತು ನಂಬರು ಅಲ್ಲಿ ನಡೆಯುವುದಿಲ್ಲ, ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆದು 26.5, 27.5 ಎಂದು ಬೂಟು ಕೊಡುತ್ತಾರೆ. ಚಳಿಗೆ ಹೆದರಿ ನಮ್ಮವರು ಎರಡೆರಡು ಉಲನ್ ಸಾಕ್ಸ್ ಹಾಕಿಕೊಂಡು ಹೋಗುತ್ತಾರೆ. ರಕ್ತ ಓಡಾಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ, ಮಡಿಕೆ ಬಿದ್ದ ಕಡೆ ಬೊಬ್ಬೆ ಏಳುತ್ತದೆ. ಮೊಣಕಾಲಿನವರೆಗೆ ಬರುವ ತೆಳುವಾದ ಒಂದೇ ಸಾಕ್ಸ್ ಸಾಕು. ಬಕಲ್ ಹಾಕಿ ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂಭಾಗಕ್ಕೆ ಸೋಕಬೇಕು, ಮಂಡಿ ಬಗ್ಗಿಸಿ ಮುಂದೆ ವಾಲಿದಾಗ ಆ ಸ್ಪರ್ಶ ಬಿಡಬೇಕು, ಹಿಮ್ಮಡಿ ಒಂದಿಷ್ಟೂ ಮೇಲೇಳಬಾರದು. ಅಂಗಡಿಯವರು ತೂಕ, ಎತ್ತರ, ವಯಸ್ಸು, ಎಷ್ಟು ಬರುತ್ತದೆ ಎಂದೆಲ್ಲ ಕೇಳಿ ಬರೆದುಕೊಳ್ಳುತ್ತಾರೆ. ಅದು ಬರಿಯ ನಮೂನೆ ತುಂಬುವ ಕೆಲಸವಲ್ಲ. ಬಿದ್ದಾಗ ಬೂಟನ್ನು ಸ್ಕೀಯಿಂದ ಬಿಡಿಸುವ ಬೈಂಡಿಂಗ್‌ನ ಬಿಗಿತವನ್ನು ಆ ಲೆಕ್ಕದ ಮೇಲೇ ತಿರುಗಿಸುತ್ತಾರೆ. ಚೆನ್ನಾಗಿ ಬರುತ್ತದೆ ಎಂದು ಜಂಬಕ್ಕೆ ಹೇಳಿದರೆ ಬಿಗಿ ಹೆಚ್ಚಾಗಿ, ಬಿದ್ದಾಗ ಸ್ಕೀ ಕಳಚದೆ ಮೊಣಕಾಲು ತಿರುಚುತ್ತದೆ. ಮೊದಲ ಸಲ ಎಂದು ಮೊದಲ ಸಲದವರು ನಿಸ್ಸಂಕೋಚವಾಗಿ ಹೇಳಲಿ.

ಕಲಬುರಗಿಯ ಬಿಸಿಲು ಕಂಡವರಿಗೆ ಬೆಟ್ಟದ ಬಿಸಿಲು ಯಾವ ಲೆಕ್ಕ ಎನ್ನಿಸಬಹುದು. ಹೊಸ ಹಿಮ ನೇರಳಾತೀತ ಕಿರಣಗಳಲ್ಲಿ ನೂರಕ್ಕೆ 80ರಷ್ಟನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಗಲ್ಲದ ಕೆಳಗೆ, ಮೂಗಿನ ಹೊಳ್ಳೆಯ ಅಂಚಿಗೂ ಸನ್‌ಸ್ಕ್ರೀನ್ ಹಚ್ಚಿ, ಗಾಗಲ್ಸ್ ತೆಗೆಯಬೇಡಿ. ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ, ಹನ್ನೊಂದು ಗಂಟೆಗೆ ಲಿಫ್ಟಿನಲ್ಲಿ ಕೂತು ಮುರಿದು ತಿನ್ನಲು ಅದಕ್ಕಿಂತ ಒಳ್ಳೆಯದಿಲ್ಲ. ತುಪ್ಪ, ಪೇಡೆ ಮಾತ್ರ ಬೇಡ. ಯುರೋಪಿನ ಒಕ್ಕೂಟದೊಳಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರಲು ಬಿಡುವುದಿಲ್ಲ.

ಹೊರಡುವ ಎರಡು ತಿಂಗಳು ಮೊದಲಿನಿಂದ ತೊಡೆ ಗಟ್ಟಿ ಮಾಡಿಕೊಳ್ಳಿ. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಿಲ್ಲದೆ ಕುರ್ಚಿಯ ಮೇಲೆ ಕೂತ ಹಾಗೆ ಒಂದು ನಿಮಿಷ ನಿಲ್ಲಲು ಬರಬೇಕು. ಸ್ಕೀ ಮಾಡುವಾಗ ಇಡೀ ದಿನ ಅದೇ ಭಂಗಿ.

ಇಷ್ಟು ಖರ್ಚು ಆಗದು ಎಂದು ಗುಂಪಿನಲ್ಲಿ ಅರ್ಧ ಜನ ಅಂದರೆ ಕಜಕಿಸ್ತಾನದ ಶಿಂಬುಲಾಕ್ ನೋಡಿ. ಅಲ್ಮಾಟಿ ನಗರದ ನೆತ್ತಿಯ ಮೇಲೇ ಇದೆ, ಭಾರತೀಯರಿಗೆ 14 ದಿನದವರೆಗೆ ವೀಸಾ ಬೇಡ. ಅಲ್ಲಿ ಒಂದೇ ರೆಸಾರ್ಟು, ಹಲವು ಪಾಸುಗಳ ಪ್ರಶ್ನೆಯೇ ಏಳುವುದಿಲ್ಲ. ಆದರೆ ಡೆನ್ವರ್ ಗೆಳೆಯನ ಇಕಾನ್ ಅಲ್ಲಿ ನಡೆಯುತ್ತದೆಯೇ ಎಂದು ಅವನೇ ಪಾಲುದಾರರ ಪಟ್ಟಿಯಲ್ಲಿ ನೋಡಿಕೊಳ್ಳಲಿ, ಇಲ್ಲವಾದರೆ ಅವನೂ ನಿಮ್ಮಂತೆ ಟಿಕೆಟ್ ಕೊಳ್ಳಬೇಕು.

ಇವತ್ತು ಅವನಿಗೆ ಮೂರು ಪ್ರಶ್ನೆ ಕಳಿಸಿ. ಮುಂದಿನ ಸೀಸನ್ನಿನ ಪಟ್ಟಿಯಲ್ಲಿ ಡೊಲೊಮಿಟಿ ಸೂಪರ್‌ಸ್ಕಿ ಇದೆಯೇ, ಅವನು ಕೊಳ್ಳುವ ಬಗೆಯ ಪಾಸಿಗೆ ಅಲ್ಲಿ ಎಷ್ಟು ದಿನ ಸಿಗುತ್ತವೆ, ಅಲ್ಲಿಯ ಕೌಂಟರಿನಲ್ಲಿ ತೋರಿಸಿ ಬೇರೆ ಟಿಕೆಟ್ ಪಡೆಯಬೇಕೇ. ಪಾಲುದಾರರ ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆದ್ದರಿಂದ ಹೋದ ವರ್ಷದ ನೆನಪಿನ ಮೇಲೆ ಉತ್ತರ ಕೊಡದಿರಲಿ. ಅವನ ಉತ್ತರ ಬಂದ ಮೇಲೆ ಓರ್ಟಿಸೇಯಿಯಲ್ಲಿ ಹನ್ನೊಂದು ಜನಕ್ಕೆ ಕೋಣೆ ಹುಡುಕಲು ಕೂರಿ.